ಅಡ್ಡಿ ಏನೂ ಇಲ್ಲ ತಾನೇ?

ಒದ್ದೆ ಬಟ್ಟೆಯಲ್ಲಿ ಮೂರು ಸಲ ಉಜ್ಜಿದರೂ ‘ಮುಗಿದದ್ದು’ ಎಂಬ ಅಕ್ಷರಗಳು ಬೋರ್ಡಿನಿಂದ ಹೋಗಲಿಲ್ಲ. ಯಾವನೋ ಮಹಾನುಭಾವ ಅಳಿಸಲಾಗದ ಶಾಯಿಯಲ್ಲಿ ಬರೆದಿದ್ದ. ಬರೆದವನು ತಾನೇ ಎಂದು ಅರಿವಳಗನ್‌ಗೆ ನಾಲ್ಕನೆಯ ಸಲ ಉಜ್ಜುವಾಗ ನೆನಪಾಯಿತು.

ಬೋರ್ಡು ಒರೆಸುವುದು ಅವನ ಕೆಲಸವಲ್ಲ. ಆದರೆ ತಂಡದ ನಾಯಕನಾದವನು ತಂಡದ ಸೇವಕನಾಗಿರಬೇಕು ಎಂದು ಯಾವುದೋ ತರಬೇತಿಯಲ್ಲಿ ಕೇಳಿ ಬಂದ ಮೇಲೆ ಪ್ರತಿದಿನ ತಾನೇ ಒರೆಸತೊಡಗಿದ್ದ. ಸೇವೆ ಯಾರ ಕಣ್ಣಿಗೂ ಬೀಳದೆ ಹೋಗಬಾರದು ನೋಡಿ, ಎಲ್ಲರೂ ಒಳಗೆ ಬರುವ ಹೊತ್ತಿಗೆ ಸರಿಯಾಗಿ ಒರೆಸುತ್ತಿದ್ದ.

“ಏನ್ ಸಾರ್, ಮುಗಿದದ್ದನ್ನೇ ಅಳಿಸ್ತಾ ಇದ್ದೀರಿ? ಎಲ್ಲಾ ಮತ್ತೆ ಮೊದಲಿಂದಾನಾ?” ಎಂದಳು ಕುಳಲಿ, ಚೀಲವನ್ನು ಕುರ್ಚಿಗೆ ನೇತುಹಾಕುತ್ತ. ಇಪ್ಪತ್ತಾರರ ಹುಡುಗಿ. ಅವಳ ಬಾಯಿಗೆ ಅವನು ಹೆದರುತ್ತಿದ್ದ. ಹೆದರಿಕೆಗೆ ಸಲಿಗೆ ಎಂದು ಹೆಸರಿಟ್ಟುಕೊಂಡಿದ್ದ.

“ಮಸುಕಾಗಿತ್ತಮ್ಮ. ತಿದ್ದೋಣ ಅಂತ.”

“ಗಟ್ಟಿಯಾಗೇ ಕಾಣ್ತಿದೆಯಲ್ಲ ಸಾರ್.”

ಬೋರ್ಡಿನಲ್ಲಿ ಮೂರು ಮನೆಗಳು. ಮಾಡಬೇಕಾದದ್ದು, ಮಾಡುತ್ತಿರುವುದು, ಮುಗಿದದ್ದು. ಒಂದೊಂದು ಕೆಲಸಕ್ಕೆ ಒಂದೊಂದು ಹಳದಿ ಚೀಟಿ. ಕೆಲಸ ಮುಂದೆ ಹೋದಂತೆ ಚೀಟಿಯೂ ಎಡದಿಂದ ಬಲಕ್ಕೆ ಹೋಗಬೇಕು. ಕೆಳಗಿನ ಮೂಲೆಯಲ್ಲಿ ಇನ್ನೊಂದು ಪುಟ್ಟ ಚೌಕ, ‘ಆಮೇಲೆ’. ಎರಡು ನಿಮಿಷದಲ್ಲಿ ಹೇಳಿ ಮುಗಿಸಲಾಗದ ಮಾತುಗಳನ್ನೆಲ್ಲ ಅಲ್ಲಿ ಅಂಟಿಸುವುದು. ಆ ಚೌಕದ ಚೀಟಿಗಳು ಎಲ್ಲಿಗೂ ಹೋಗುತ್ತಿರಲಿಲ್ಲ. ಅಂಟು ಒಣಗಿದಾಗ ತಾವಾಗಿ ಉದುರುತ್ತಿದ್ದವು. ಗುಡಿಸುವ ಹೆಂಗಸು ಒಯ್ಯುತ್ತಿದ್ದಳು.

ಚೆನ್ನೈನ ಪೆರುಂಗುಡಿಯಲ್ಲಿ, ಏಳನೆಯ ಮಹಡಿಯಲ್ಲಿ, ಹದಿನಾಲ್ಕು ತಿಂಗಳಿಂದ ಅವರು ಒಂದು ಬಂದರಿಗಾಗಿ ತಂತ್ರಾಂಶ ಮಾಡುತ್ತಿದ್ದರು. ಯಾವ ಲಾರಿ ಎಷ್ಟು ಹೊತ್ತಿಗೆ ಯಾವ ಗೇಟಿಗೆ ಬರಬೇಕು ಎಂದು ಅದು ಹೇಳಬೇಕು. ಲಾರಿಗಳು ಇನ್ನೂ ಅದರ ಮಾತು ಕೇಳುತ್ತಿರಲಿಲ್ಲ. ಆದರೆ ಅರಿವಳಗನ್ ದಿನಾ ಬೆಳಗ್ಗೆ ನಡೆಸುವ ಮೀಟಿಂಗ್ ಮಾತ್ರ ಇಡೀ ಕಂಪನಿಯಲ್ಲಿ ಹೆಸರು ಮಾಡಿತ್ತು. ಒಂಬತ್ತೂವರೆಗೆ ಶುರು, ಒಂಬತ್ತೂಮುಕ್ಕಾಲಿಗೆ ಮುಕ್ತಾಯ. ಒಂದು ದಿನವೂ ಹದಿನಾರನೆಯ ನಿಮಿಷ ಕಂಡದ್ದಿಲ್ಲ. ಇವತ್ತು ಮೂರು ಗಂಟೆಗೆ ಬೇರೆ ತಂಡಗಳವರಿಗೆ ಆ ವಿದ್ಯೆ ಹೇಳಿಕೊಡಬೇಕೆಂದು ಮೇಲಿನವರು ಅವನನ್ನೇ ಗೊತ್ತುಮಾಡಿದ್ದರು. ನಲವತ್ತೇಳನೆಯ ವಯಸ್ಸಿನಲ್ಲಿ ಅವನಿಗೆ ಬಂದಿದ್ದ ಕೀರ್ತಿ ಅಷ್ಟೇ: ಬೇಗ ಮುಗಿಸುತ್ತಾನೆ.

ಎಲ್ಲರೂ ಅರ್ಧಚಂದ್ರಾಕಾರವಾಗಿ ನಿಂತರು. ನಿಂತೇ ಮಾತಾಡಬೇಕು. ಕಾಲು ನೋಯುವವನ ಮಾತು ಚಿಕ್ಕದಾಗಿರುತ್ತದೆ ಎಂಬ ಸಿದ್ಧಾಂತ. ಸಿದ್ಧಾಂತದಿಂದ ಅರಿವಳಗನ್‌ಗೆ ಹಿಮ್ಮಡಿ ನೋವು ಬಂದಿತ್ತು.

ಮಾತಾಡುವವನ ಕೈಯಲ್ಲಿ ಒಂದು ರಬ್ಬರ್ ಬಾತುಕೋಳಿ ಇರಬೇಕು. ಅದು ಕೈಯಲ್ಲಿಲ್ಲದವನು ಬಾಯಿ ತೆಗೆಯುವಂತಿಲ್ಲ. ಹಿಂಡಿದರೆ ಕೀ ಎನ್ನುತ್ತಿತ್ತು.

ಮೊದಲು ಮೊಹಿದೀನ್. “ನಿನ್ನೆ ಮೂರನೇ ಗೇಟಿನ ಕೆಲಸ ಮಾಡಿದೆ. ಇವತ್ತೂ ಮೂರನೇ ಗೇಟು. ಅಡ್ಡಿ ಏನಿಲ್ಲ, ಗೇಟೊಂದು ಬಿಟ್ಟು.”

ಬಾತುಕೋಳಿ ಕುಳಲಿಯ ಕೈಗೆ ಹಾರಿತು. “ನಿನ್ನೆ ಮೊಹಿದೀನ್ ಕೆಡಿಸಿದ್ದನ್ನ ಸರಿಮಾಡಿದೆ. ಇವತ್ತು ಅವನು ಕೆಡಿಸೋದನ್ನ ನಾಳೆ ಸರಿಮಾಡ್ತೀನಿ.”

“ಹೋಗೇ, ಬಾಯಿಬಡುಕಿ.”

“ಬಾತುಕೋಳಿ ನನ್ನ ಹತ್ರ ಇದೆ. ನೀನು ಬಾಯಿ ಮುಚ್ಚು.”

ಆರು ನಿಮಿಷ ಆಗಿತ್ತು. ಉಳಿದವರು ಜ್ಞಾನಮುತ್ತು ಒಬ್ಬರೇ. ಮಾಡಿದ ತಂತ್ರಾಂಶದಲ್ಲಿ ತಪ್ಪು ಹುಡುಕುವುದು ಅವರ ಕೆಲಸ. ಐವತ್ತೆರಡು ವರ್ಷ, ತಿರುನಲ್ವೇಲಿ ಕಡೆಯವರು, ಶರ್ಟಿನ ಮೇಲಿನ ಗುಂಡಿಯನ್ನೂ ಹಾಕಿಕೊಳ್ಳುವ ಮನುಷ್ಯ. ಹದಿನಾಲ್ಕು ತಿಂಗಳಿಂದ ಅವರ ವರದಿ ಒಂದೇ: ನಿನ್ನೆ ಹುಡುಕಿದೆ, ಇವತ್ತೂ ಹುಡುಕ್ತೀನಿ, ಅಡ್ಡಿ ಇಲ್ಲ. ಅವರ ಸರದಿ ಬಂದಾಗ ಅರಿವಳಗನ್ ಮನಸ್ಸಿನಲ್ಲೇ ಮೀಟಿಂಗ್ ಮುಗಿಸಿಬಿಡುತ್ತಿದ್ದ.

“ನಿನ್ನೆ ಹುಡುಕಿದೆ. ಇವತ್ತೂ ಹುಡುಕ್ತೀನಿ,” ಎಂದರು ಜ್ಞಾನಮುತ್ತು. ಬಾತುಕೋಳಿಯನ್ನು ಎರಡು ಕೈಯಲ್ಲೂ ಹಿಡಿದಿದ್ದರು. “ಒಂದು ಅಡ್ಡಿ ಇದೆ ಸಾರ್.”

ಕುಳಲಿ ಫೋನಿನಿಂದ ತಲೆ ಎತ್ತಿದಳು.

“ನನ್ನ ವರ್ಗಾವಣೆಗೆ ನೀವು ಗಿಂಡಿಯ ಮುಖ್ಯ ಆಫೀಸಿಗೆ ಪತ್ರ ಕಳಿಸಿದ್ರಲ್ಲ, ಹನ್ನೆರಡು ವಾರ ಆಯ್ತು. ಉತ್ತರ ಬಂದಿಲ್ಲ. ಇಲ್ಲಿ ಹೇಳಬಾರದೇನೋ. ನೀವು ದಿನಾ ಕೇಳ್ತೀರಿ, ಅಡ್ಡಿ ಇದೆಯಾ, ಅಡ್ಡಿ ಇದೆಯಾ ಅಂತ. ನನಗೆ ಇರೋದು ಇದೊಂದೇ.” ಬೆರಳು ಬಿಗಿಯಾಯಿತೇನೋ, ಬಾತುಕೋಳಿ ಕೀ ಎಂದಿತು.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

“ಅದು... ಇದು ಸ್ವಲ್ಪ ಉದ್ದದ ವಿಷಯ ಅಣ್ಣಾ,” ಎಂದ ಅರಿವಳಗನ್. “ಆಮೇಲೆ ಮಾತಾಡೋಣ.”

“ಆಮೇಲೆ ಅಂದ್ರೆ ಸಾಯಂಕಾಲಾನಾ ಸಾರ್, ಆ ಮೂಲೇನಾ?” ಎಂದಳು ಕುಳಲಿ. ಬಾತುಕೋಳಿ ಅವಳ ಕೈಯಲ್ಲಿರಲಿಲ್ಲ ಎಂದು ಜ್ಞಾಪಿಸಲು ಅವನಿಗೆ ಧೈರ್ಯ ಬರಲಿಲ್ಲ.

ಎಂಟು ನಿಮಿಷಕ್ಕೇ ಮೀಟಿಂಗ್ ಮುಗಿಯಿತು. ದಾಖಲೆ.

*

ಪತ್ರವನ್ನು ಅವನು ಕಳಿಸಿಯೇ ಇರಲಿಲ್ಲ.

ಜ್ಞಾನಮುತ್ತುವಿನ ಹೆಂಡತಿ ತಿರುನಲ್ವೇಲಿಯ ಪಕ್ಕದ ಪಾಳಯಂಕೋಟೆಯಲ್ಲಿ ಕಿವುಡ ಮಕ್ಕಳ ಶಾಲೆಯ ಪಕ್ಕ ಮನೆ ಮಾಡಿಕೊಂಡು ಮಗಳನ್ನು ಓದಿಸುತ್ತಿದ್ದಳು. ಇವರು ಇಲ್ಲಿ ಚೆನ್ನೈನಲ್ಲಿ, ಟ್ರಿಪ್ಲಿಕೇನಿನ ಒಂದು ಮ್ಯಾನ್ಷನ್ನಿನಲ್ಲಿ, ಒಂಟಿ ಗಂಡಸರ ರೂಮುಗಳ ನಡುವೆ, ಒಂಬತ್ತು ವರ್ಷದಿಂದ ಇದ್ದರು. ತಿರುನಲ್ವೇಲಿಯಲ್ಲಿ ಕಂಪನಿಯದ್ದೇ ಸಣ್ಣ ಆಫೀಸಿತ್ತು, ಅಲ್ಲೊಂದು ಜಾಗ ಖಾಲಿಯಾಗಲಿತ್ತು. ಬೇಕಾದದ್ದು ಮೇಲಧಿಕಾರಿಯ ಒಂದು ಪತ್ರ. ಅದಕ್ಕೊಂದು ನಮೂನೆ ಇತ್ತು, ನಮೂನೆಯಲ್ಲಿ ಒಂದು ಸಾಲು: ‘ಇವರು ಇಲ್ಲಿಂದ ಹೋದರೆ ಕೆಲಸಕ್ಕೆ ಯಾವ ತೊಂದರೆಯೂ ಇಲ್ಲ.’

ಅಲ್ಲಿ ಅವನ ಕೈ ನಿಂತಿತ್ತು. ತೊಂದರೆ ಇತ್ತು. ತಪ್ಪು ಹುಡುಕುವವರು ಅವರೊಬ್ಬರೇ. ಅದು ಹೊರಗಿನ ಕಾರಣ. ಒಳಗಿನದು ಬೇರೆ. ಆ ಸಾಲನ್ನು ಬರೆಯಹೋದಾಗಲೆಲ್ಲ, ತನ್ನ ಬಗ್ಗೆ ಯಾರಾದರೂ ಅದನ್ನು ಬರೆಯಲು ಕೂತರೆ ಒಂದು ಕ್ಷಣವೂ ಪೆನ್ನು ನಿಲ್ಲುವುದಿಲ್ಲ ಎನಿಸುತ್ತಿತ್ತು. ಇಂಥ ದೊಡ್ಡ ವಿಚಾರ ಹೊಳೆದ ದಿನ ಅವನು ಕಾಫಿ ಕುಡಿದು ಸುಮ್ಮನಾಗುತ್ತಿದ್ದ.

ಮರೆಯಬಾರದೆಂದು ಹಳದಿ ಚೀಟಿಯಲ್ಲಿ ‘ಜ್ಞಾ. ಪತ್ರ’ ಎಂದು ಬರೆದು ಬೋರ್ಡಿಗೆ ಅಂಟಿಸಿದ್ದ. ಅದು ‘ಮಾಡುತ್ತಿರುವುದು’ ಮನೆಯಲ್ಲಿ ನಲವತ್ತು ದಿನ ಕೂತಿತ್ತು. ಆಮೇಲೊಂದು ದಿನ ಸಿಂಗಪುರದಿಂದ ದೊಡ್ಡವರು ಬೋರ್ಡು ನೋಡಲು ಬರುವುದಾಯಿತು. ನಲವತ್ತು ದಿನ ಹಳೆಯ ಚೀಟಿ, ಮೂಲೆ ಮುರುಟಿಕೊಂಡಿತ್ತು. ಅವರು ಲಿಫ್ಟಿನಲ್ಲಿದ್ದಾಗ ಅದನ್ನು ಕಿತ್ತು ಬಲಗಡೆ ಒತ್ತಿದ. ಸಂಜೆ ಬರೆದರಾಯಿತು. ಸುಳ್ಳೇನೂ ಅಲ್ಲ, ಎಂಟು ತಾಸು ಮುಂಚಿನ ನಿಜ ಅಷ್ಟೇ.

ಸಂಜೆ ಜ್ಞಾನಮುತ್ತು ಬಂದು ಅವನ ಮೊಣಕೈ ಮುಟ್ಟಿದರು. “ಬೋರ್ಡು ನೋಡಿದೆ ಸಾರ್,” ಎಂದರು. ಅಷ್ಟೇ ಹೇಳಿ ಹೋಗಿಬಿಟ್ಟರು.

ಮುಗಿದದ್ದನ್ನು ಮಾಡಲು ಯಾರಿಗೆ ತಾನೇ ಮನಸ್ಸು ಬರುತ್ತದೆ? ಮಾರನೆಯ ದಿನ ಬರೆದರೆ ಮಾರನೆಯ ದಿನದ ತಾರೀಕು. ವಾರ ಬಿಟ್ಟು ಬರೆದರೆ ವಾರದ ನಾಚಿಕೆ. ನಾಚಿಕೆ ಬೆಳೆದಷ್ಟೂ ಪತ್ರ ಹಿಂದೆ ಸರಿಯಿತು. ಕೊನೆಕೊನೆಗೆ, ಬೋರ್ಡು ಹೇಳುತ್ತಿದೆಯಲ್ಲ, ಬಹುಶಃ ಕಳಿಸಿಯೇ ಇರಬೇಕು ಎಂದು ಅವನಿಗೇ ಅನಿಸಿದ ದಿನಗಳೂ ಇದ್ದವು.

*

ಹನ್ನೊಂದಕ್ಕೆ ಕೆಳಗಿನ ಟೀ ಅಂಗಡಿಯಲ್ಲಿ ಜ್ಞಾನಮುತ್ತು ಸಿಕ್ಕರು. ಸಿಕ್ಕರು ಎನ್ನುವುದಕ್ಕಿಂತ ಇವನೇ ಹಿಂದೆ ಹೋದ. ಹೇಳಿಬಿಡಬೇಕೆಂದೇ ಹೋದ. ಲಿಫ್ಟಿನಲ್ಲಿ ವಾಕ್ಯ ಕೂಡ ಸಿದ್ಧವಾಗಿತ್ತು.

ಅವರು ಮಸಾಲ ವಡೆಯನ್ನು ಪೇಪರಿನಲ್ಲಿಟ್ಟು ಎಣ್ಣೆ ಹಿಂಡುತ್ತಿದ್ದರು. ಇವನನ್ನು ಕಂಡದ್ದೇ ಅರ್ಧ ಮುರಿದು ಕೊಟ್ಟರು.

“ತಪ್ಪು ತಿಳ್ಕೋಬೇಡಿ ಸಾರ್. ಎಲ್ಲರ ಎದುರಿಗೆ ಹೇಳಿಬಿಟ್ಟೆ.”

“ಛೆ, ಛೆ. ಗಿಂಡಿಯವರು ಹಾಗೇ ಅಣ್ಣಾ. ನಿಧಾನ.” ಈ ವಾಕ್ಯ ಎಲ್ಲಿಂದ ಬಂತೋ. ಲಿಫ್ಟಿನಲ್ಲಿ ಸಿದ್ಧಮಾಡಿದ್ದು ಇದಲ್ಲ.

“ನೀವು ಕಳಿಸಿದ್ದೀರಲ್ಲ, ಸಾಕು. ಇನ್ನೊಬ್ಬರಾಗಿದ್ರೆ ನನ್ನನ್ನ ಬಿಡ್ತಿರಲಿಲ್ಲ.”

ವಡೆಯಲ್ಲಿ ಮೆಣಸಿನಕಾಯಿ ಸಿಕ್ಕಿತು. ಅಗಿಯುತ್ತಿದ್ದರೆ ಮಾತಾಡಬೇಕಾಗಿಲ್ಲ ಎಂದು ಅಗಿದ.

“ಮಗಳು ಹೇಗಿದ್ದಾಳೆ? ಬ್ಯೂಲಾ?”

“ಹತ್ತನೇ ಕ್ಲಾಸು. ಕೈಯಲ್ಲಿ ಮಾತಾಡೋದು ಎಷ್ಟು ಬೇಗ ಅಂತೀರಿ. ನಾನು ತಿಂಗಳಿಗೊಂದು ಸಲ ಹೋಗೋನು, ನನಗೆ ಅರ್ಧ ಸಿಗುತ್ತೆ, ಅರ್ಧ ಇಲ್ಲ. ಹೋದ ಸಲ ಏನೋ ಹೇಳಿದಳು ಸಾರ್. ಮತ್ತೆ ಹೇಳು ಅಂದೆ. ಹೇಳಿದಳು. ಮೂರನೇ ಸಲ ಕೇಳಿದೆ. ‘ಏನಿಲ್ಲ ಬಿಡು’ ಅಂದಳು.” ನಕ್ಕರು. “ಅದೊಂದು ಚೆನ್ನಾಗಿ ಅರ್ಥ ಆಯ್ತು.”

ಆಮೇಲೆ ಫೋನು ತೆಗೆದು ತೋರಿಸಿದರು. ಬೋರ್ಡಿನ ಚಿತ್ರ. ‘ಮುಗಿದದ್ದು’ ಮನೆಯಲ್ಲಿ ಮೂಲೆ ಮುರುಟಿದ ಹಳದಿ ಚೀಟಿ. ಅವನದೇ ಅಕ್ಷರ.

“ಅವತ್ತೇ ಹೆಂಡತಿಗೆ ಕಳಿಸಿದ್ದೆ. ಅವಳು ಭಾನುವಾರ ಭಾನುವಾರ ಚರ್ಚಿನಲ್ಲಿ ನಿಮ್ಮ ಹೆಸರು ಹೇಳಿ ಪ್ರಾರ್ಥನೆ ಮಾಡ್ತಾಳೆ.”

ದೇವರಿಲ್ಲ ಎಂದು ಊರೂರಿನ ಸಭೆಗಳಲ್ಲಿ ಹೇಳಿಕೊಂಡು ತಿರುಗಿದ ತಾತ ಇಟ್ಟ ಹೆಸರು ಅದು, ಅರಿವಳಗನ್. ಹನ್ನೆರಡು ಭಾನುವಾರ ಪಾಳಯಂಕೋಟೆಯ ಚರ್ಚಿನಲ್ಲಿ ಹೋಗಿ ಕೂತು ಬಂದಿತ್ತು. ತಾತ ಇದ್ದಿದ್ದರೆ ಹೊಡೆಯುತ್ತಿದ್ದರು. ಯಾವುದಕ್ಕೆ ಹೊಡೆಯುತ್ತಿದ್ದರು ಎಂಬುದು ಬೇರೆ ಮಾತು.

“ಗಿಂಡಿಗೆ ಇವತ್ತೇ ಫೋನ್ ಮಾಡಿ ವಿಚಾರಿಸ್ತೀನಿ,” ಎಂದ.

“ತಾಳ್ಮೆ ಅಂದ್ರೆ ನಿಮ್ಮದೇ ಸಾರ್.” ಟೀ ಲೋಟ ಕೊಟ್ಟರು.

*

ಗಿಂಡಿಯಲ್ಲಿ ಸಿಬ್ಬಂದಿಯ ವಿಷಯ ನೋಡುವವರು ವಸಂತಕೋಕಿಲಂ. ಫೋನಿನಲ್ಲಿ ಅವರ ಧ್ವನಿಯ ಹಿಂದೆ ಊಟದ ಡಬ್ಬಿ ಮುಚ್ಚುವ ಸದ್ದು ಕೇಳಿಸಿತು.

“ಜ್ಞಾನಮುತ್ತು? ಅರ್ಜಿ ಇದೆ ಸಾರ್. ಮೇಲಧಿಕಾರಿ ಪತ್ರ ಇಲ್ಲ. ನೀವು ಬಿಡೋಕೆ ಒಪ್ಪಲಿಲ್ಲ ಅಂದ್ಕೊಂಡೆ.”

“ಅದು... ಇಲ್ಲಿ ಒಂದಿಷ್ಟು ಹೆಚ್ಚುಕಡಿಮೆ ಆಗಿತ್ತು.”

“ಸೋಮವಾರ ಆ ಜಾಗ ವೆಲ್ಲೂರಿನ ಒಬ್ಬ ಹುಡುಗನಿಗೆ ಹೋಯ್ತಲ್ಲ ಸಾರ್. ನಿಮ್ಮ ಪತ್ರ ಇದ್ದಿದ್ರೆ ಮೊದಲ ಹೆಸರು ಇವರದ್ದೇ. ಎಷ್ಟು ವರ್ಷದ ಸರ್ವೀಸು!”

ಸೋಮವಾರ. ಇವತ್ತು ಗುರುವಾರ. ಸೋಮವಾರ ಬೆಳಗಿನ ಮೀಟಿಂಗಿನಲ್ಲಿ ತಾನು ಏನು ಹೇಳಿದ್ದೆ ಎಂದು ನೆನಪಿಸಿಕೊಳ್ಳಲು ಯತ್ನಿಸಿದ. ‘ಅಡ್ಡಿ ಏನೂ ಇಲ್ಲ ತಾನೇ?’ ಎಂದಿರಬೇಕು. ಅದಲ್ಲದೆ ಇನ್ನೇನು ಹೇಳಿದ್ದಾನೆ ಯಾವತ್ತಾದರೂ.

“ಇನ್ನೊಂದು ಜಾಗ?”

“ಮುಂದಿನ ವರ್ಷ ಒಬ್ಬರು ರಿಟೈರಾಗ್ತಾರೆ. ಕಾಯೋರ ಪಟ್ಟಿ ಇವತ್ತು ಆರು ಗಂಟೆಗೆ ಮುಚ್ತೀನಿ. ಅಷ್ಟರೊಳಗೆ ನಿಮ್ಮ ಪತ್ರ ಹಾಕಿ, ಸೇರಿಸ್ತೀನಿ. ಇವತ್ತು ತಪ್ಪಿದ್ರೆ ಮತ್ತೆ ಎರಡು ವರ್ಷ.”

“ಹಾಕ್ತೀನಿ.” ಸ್ವಲ್ಪ ತಡೆದು, “ತಾರೀಕು ಸ್ವಲ್ಪ ಹಿಂದಿನದು ಹಾಕಬಹುದಾ ಮ್ಯಾಡಂ?”

“ತಾರೀಕು ನೀವು ಹಾಕಲ್ಲ ಸಾರ್, ಕಂಪ್ಯೂಟರೇ ಹಾಕುತ್ತೆ. ಅರ್ಜಿದಾರರ ಫೋನಿಗೂ ಆ ಕ್ಷಣವೇ ಒಂದು ಪ್ರತಿ ಹೋಗುತ್ತೆ. ಈಗೆಲ್ಲ ಪಾರದರ್ಶಕ.”

ಪಾರದರ್ಶಕ ಎಂಬ ಮಾತನ್ನು ಅವನೂ ತನ್ನ ಮೂರು ಗಂಟೆಯ ಭಾಷಣದಲ್ಲಿ ಬರೆದುಕೊಂಡಿದ್ದ. ಎರಡು ಕಡೆ.

*

ನಾಲ್ಕನೆಯ ಮಹಡಿಯ ತರಬೇತಿ ಕೋಣೆಯಲ್ಲಿ ಮೂವತ್ತು ಜನ. ಅವನು ಚೆನ್ನಾಗಿ ಮಾತಾಡಿದ. ಅದೇ ಅವನಿಗೆ ಬೇಸರ ತಂದದ್ದು. ನಾಲಿಗೆ ತಡವರಿಸಲಿಲ್ಲ, ಬೆವರಲಿಲ್ಲ. ನಿಂತು ಮಾತಾಡಿ. ಮೂರೇ ಪ್ರಶ್ನೆ ಕೇಳಿ. ನಿನ್ನೆ ಏನು, ಇವತ್ತು ಏನು, ಅಡ್ಡಿ ಏನು. ನಾಯಕನಿಗೆ ವರದಿ ಒಪ್ಪಿಸಬೇಡಿ, ಒಬ್ಬರಿಗೊಬ್ಬರು ಹೇಳಿಕೊಳ್ಳಿ. ಅಡ್ಡಿಯನ್ನು ಅವತ್ತೇ ತೆಗೆಯಿರಿ. ಬೋರ್ಡಿನಲ್ಲಿರುವುದು ನಿಜವಾಗಿರಲಿ.

ಎಲ್ಲವೂ ಸರಿಯಾದ ಮಾತುಗಳೇ. ಒಂದರಲ್ಲೂ ತಪ್ಪಿರಲಿಲ್ಲ. ಹಿಂದಿನ ಸಾಲಿನವರು ಬರೆದುಕೊಳ್ಳುತ್ತಿದ್ದರು.

ದಪ್ಪ ಕನ್ನಡಕದ ಒಬ್ಬ ಹುಡುಗಿ ಕೈ ಎತ್ತಿದಳು. “ಸಾರ್, ಮೀಟಿಂಗ್ ನಡೆಸೋರೇ ಅಡ್ಡಿ ಆಗಿದ್ರೆ ಅದನ್ನ ಹೇಗೆ ಹೇಳೋದು?”

ಕೋಣೆ ನಕ್ಕಿತು. ಎಲ್ಲರಿಗಿಂತ ಮೊದಲು ಅವನೇ ನಕ್ಕ.

“ಒಳ್ಳೆ ಪ್ರಶ್ನೆ,” ಎಂದ. “ಆಮೇಲೆ ಮಾತಾಡೋಣ.”

ತಮಾಷೆ ಎಂದುಕೊಂಡು ಚಪ್ಪಾಳೆ ತಟ್ಟಿದರು. ಆ ಹುಡುಗಿಯೊಬ್ಬಳೇ ತಟ್ಟಲಿಲ್ಲ. ಅವಳ ಕಣ್ಣು ತಪ್ಪಿಸಲು ಅವನು ನೀರು ಕುಡಿದ. ಎಷ್ಟು ಹೊತ್ತು ಕುಡಿಯಬಹುದೋ ಅಷ್ಟು ಹೊತ್ತು ಕುಡಿದ.

ಮೇಲೆ ಬಂದಾಗ ನಾಲ್ಕೂವರೆ. ಪತ್ರ ಹೋಗುವ ಮುನ್ನ ಬಾಯಲ್ಲಿ ಹೇಳಿಬಿಡುವುದು ಮರ್ಯಾದೆ ಎಂದು ಜ್ಞಾನಮುತ್ತುವಿನ ಮೇಜಿನ ಹತ್ತಿರ ಹೋದ.

“ಅಣ್ಣಾ, ಒಂದು ವಿಷಯ.”

“ನಾನೇ ಬರೋಣ ಅಂತಿದ್ದೆ ಸಾರ್. ಇಲ್ಲಿ ನೋಡಿ.” ಪರದೆಗೆ ಬೆರಳಿಟ್ಟರು. “ಮೂರನೇ ಗೇಟು. ಲಾರಿ ಒಳಗೆ ಹೋಯ್ತು ಅಂತ ತೋರಿಸ್ತಿದೆ. ಅದು ಇನ್ನೂ ರಸ್ತೆಲೇ ನಿಂತಿದೆ. ಹಿಂದೆ ಇನ್ನೂರು ಲಾರಿ ನಿಂತ್ರೂ ಇದಕ್ಕೆ ಗೊತ್ತಾಗಲ್ಲ. ಒಳಗೆ ಹೋಯ್ತು ಅಂದ್ಕೊಂಡಿದೆಯಲ್ಲ.”

“ಚೆನ್ನಾಗಿ ಹಿಡಿದ್ರಿ.”

“ಹಿಡೀದೆ ಇನ್ನೇನು, ದಿನಾ ಇದೇ ಕೆಲಸ. ನೀವೇನೋ ಹೇಳ್ತಿದ್ರಿ?”

“ಏನಿಲ್ಲ ಬಿಡಿ,” ಎಂದ ಅರಿವಳಗನ್.

*

ಆರಕ್ಕೆ ಇಪ್ಪತ್ತು ನಿಮಿಷ ಇದ್ದಾಗ ಅವನು ಲ್ಯಾಪ್‌ಟಾಪ್ ಎತ್ತಿಕೊಂಡು ಸಣ್ಣ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಹೊರಗಿನ ಬೆಳಕು ಬರುವ ಕಿಟಕಿ ಇಲ್ಲದ ಕೋಣೆ. ಒಂದು ಕಡೆ ಗಾಜಿನ ಗೋಡೆ, ಅದರಾಚೆ ಹಜಾರ, ಹಜಾರದಲ್ಲಿ ಜ್ಞಾನಮುತ್ತುವಿನ ಬೆನ್ನು. ಉಳಿದವರು ಮನೆಗೆ ಹೊರಟಾಗಿತ್ತು.

ನಮೂನೆ ತೆರೆದ. ಹೆಸರು, ಹುದ್ದೆ, ಸೇವೆಯ ವರ್ಷ. ಬರೆಯಲು ನಾಲ್ಕು ನಿಮಿಷ ಹಿಡಿಯಿತು. ನಾಲ್ಕು ತಿಂಗಳು ಹೊತ್ತು ತಿರುಗಿದ್ದು ನಾಲ್ಕು ನಿಮಿಷದ ಕೆಲಸ ಎಂದು ತಿಳಿದು, ತನಗೆ ನಾಚಿಕೆಯಾಗುವುದೋ ನೋಡಿದ. ಆಗಲಿಲ್ಲ. ಒಂದು ರೀತಿಯ ಕುತೂಹಲ ಮಾತ್ರ ಇತ್ತು. ಆಚೆ ಮನೆಯವನ ಜಗಳವನ್ನು ಗೋಡೆಗೆ ಕಿವಿಯಿಟ್ಟು ಕೇಳುವ ಹಾಗೆ.

ಆ ಸಾಲು ಬಂತು. ಇವರು ಇಲ್ಲಿಂದ ಹೋದರೆ.

ಅಲ್ಲೇ ಅಲುಗಾಡದೆ ಕೂತ.

ಕತ್ತಲಾಯಿತು. ಈ ಕೋಣೆಯ ದೀಪಗಳು ಒಳಗಿನವರ ಚಲನೆ ನೋಡಿ ಹತ್ತುವಂಥವು. ಐದು ನಿಮಿಷ ಏನೂ ಅಲುಗದಿದ್ದರೆ ಒಳಗೆ ಯಾರೂ ಇಲ್ಲ ಎಂದು ತಾವೇ ಆರುತ್ತವೆ. ಅವನು ಕೈ ಎತ್ತಿ ಬೀಸಿದ. ದೀಪ ಹತ್ತಿತು. ಇದ್ದೇನೆ ಎಂದು ಅರ್ಜಿ ಹಾಕಿಕೊಂಡು ಮಂಜೂರು ಮಾಡಿಸಿಕೊಂಡ ಹಾಗಾಯಿತು. ನಗು ಬಂತು.

ಕಳಿಸಿದರೆ ಆ ಕ್ಷಣ ಹೊರಗೆ ಜ್ಞಾನಮುತ್ತುವಿನ ಫೋನಿಗೆ ಪ್ರತಿ ಹೋಗುತ್ತದೆ. ಮೇಲೆ ಇವತ್ತಿನ ತಾರೀಕು ಇರುತ್ತದೆ. ಆ ಮನುಷ್ಯ ತಪ್ಪು ಹುಡುಕುವುದರಲ್ಲಿ ಪಳಗಿದವರು, ಎರಡನೆಯ ಸಲ ಓದಬೇಕಾಗಿಲ್ಲ. ಹೆಂಡತಿಗೆ ಕಳಿಸಿದ ಚಿತ್ರ, ಹನ್ನೆರಡು ಭಾನುವಾರ, ವೆಲ್ಲೂರಿನ ಹುಡುಗ. ಕಳಿಸದಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಗಿಂಡಿಯವರು ನಿಧಾನ, ಅಷ್ಟೇ. ನಾಳೆ ಒಂಬತ್ತೂವರೆಗೆ ಮೀಟಿಂಗ್. ಎರಡು ವರ್ಷ.

ಒಳ್ಳೆಯವನಾಗಲು ಹೊರಟಿದ್ದೇನೆಯೇ ಎಂದು ಕೇಳಿಕೊಂಡ. ಹಾಗೇನೂ ಇಲ್ಲ. ಈ ಕುರ್ಚಿಯಿಂದ ಎದ್ದುಹೋಗಬೇಕಾದರೆ ಎರಡರಲ್ಲೊಂದು ಗುಂಡಿ ಒತ್ತಬೇಕು. ಕಳಿಸುವ ಗುಂಡಿ ಎದುರಿಗೇ ಇತ್ತು, ಇನ್ನೊಂದು ಗುಂಡಿ ಎಲ್ಲಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

ದೀಪ ಮತ್ತೆ ಆರಿತು. ಈ ಸಲ ಅವನು ಕೈ ಎತ್ತಲಿಲ್ಲ. ಪರದೆಯ ಬೆಳಕಿನಲ್ಲೇ ‘ಕೆಲಸಕ್ಕೆ ಯಾವ ತೊಂದರೆಯೂ ಇಲ್ಲ’ ಎಂದು ಬರೆದ. ಆರಕ್ಕೆ ಮೂರು ನಿಮಿಷ ಇತ್ತು. ಒತ್ತಿದ.

ಪತ್ರ ಹೋಯಿತು. ಸದ್ದೇನೂ ಆಗಲಿಲ್ಲ.

ಎದ್ದುಹೋಗೋಣವೆಂದರೆ ಚಪ್ಪಲಿ ಕತ್ತಲಲ್ಲಿ ಎಲ್ಲೋ ಸರಿದಿತ್ತು. ಚಾವಣಿಯತ್ತ ಕೈ ಬೀಸಿದ. ದೀಪ ಹತ್ತಲಿಲ್ಲ. ಎರಡು ಕೈಯನ್ನೂ ಎತ್ತಿ, ಜೋರಾಗಿ, ಮುಳುಗುವವನು ದಡಕ್ಕೆ ಬೀಸುವಂತೆ ಬೀಸತೊಡಗಿದ.

ಗಾಜಿನಾಚೆ ಮನೆಗೆ ಹೊರಡಲು ಎದ್ದ ಜ್ಞಾನಮುತ್ತು ತಿರುಗಿ, ಲ್ಯಾಪ್‌ಟಾಪಿನ ಬೆಳಕಿನಲ್ಲಿ ಆಡುತ್ತಿದ್ದ ಕೈಗಳನ್ನು ನೋಡಿದರು. ಸಾರ್ ತಮ್ಮನ್ನೇ ಕರೆದು ಬೀಳ್ಕೊಡುತ್ತಿದ್ದಾರೆ ಎಂದುಕೊಂಡಿರಬೇಕು. ಚೀಲ ಕೆಳಗಿಟ್ಟು, ಮುಖವೆಲ್ಲ ನಗುವಾಗಿ, ಅವರೂ ಎರಡು ಕೈ ಎತ್ತಿ ಬೀಸಿದರು.

ಅವರ ಅಂಗಿಯ ಜೇಬಿನೊಳಗೆ ಫೋನು ಬೆಳಗಿತು.